ಬೇಸಾಯದ ಲೆಕ್ಕಕ್ಕೆ ಕಂಪ್ಯೂಟರ್ ಆಳು

ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿ ಹೋಬಳಿಯಲ್ಲಿ ಕೆರೆ ಮತ್ತು ನಾಲೆಯ ನೀರು ಸಿಗುವ ಕಡೆ ಕಬ್ಬು, ಭತ್ತ, ಖುಷ್ಕಿಯಲ್ಲಿ ರಾಗಿ, ಹುರುಳಿ, ಬದುಗಳಲ್ಲಿ ತೆಂಗು, ಕೊಟ್ಟಿಗೆಯಲ್ಲಿ ಕರೆಯುವ ಒಂದೆರಡು ಹಸು. ಸಾಮಾನ್ಯ ಸಂಸಾರವೊಂದರ ಬೇಸಾಯ ಇಲ್ಲಿ ಹೀಗಿರುತ್ತದೆ. ಈ ಬೇಸಾಯದಿಂದ ವರ್ಷಕ್ಕೆ ಎಷ್ಟು ಕಾಗದ ಮನೆ ಸೇರುತ್ತದೆ ಎಂಬುದನ್ನು ಎಣಿಸಿದವರು ಕಡಿಮೆ. ಕಬ್ಬಿನ ತೂಕದ ಚೀಟಿ, ಗೊಬ್ಬರದಂಗಡಿಯ ರಸೀದಿ, ಟ್ರ್ಯಾಕ್ಟರ್ ಬಾಡಿಗೆ ಬರೆದುಕೊಂಡ ತುಂಡು ಕಾಗದ, ಡೇರಿಯ ಹಾಲಿನ ಪುಸ್ತಕ, ಸೊಸೈಟಿ ಸಾಲದ ರಸೀದಿ, ಪಹಣಿ, ಮಣ್ಣು ಆರೋಗ್ಯ ಚೀಟಿ. ಇವೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸೇರಿ ಅಟ್ಟದ ಮೇಲೆ ಕುಳಿತಿರುತ್ತವೆ.

ಈ ವರ್ಷ ಕಬ್ಬಿನಲ್ಲಿ ಎಕರೆಗೆ ಎಷ್ಟು ಉಳಿಯಿತು ಎಂದು ಕೇಳಿದರೆ ಬರುವ ಉತ್ತರ ಬಹುಪಾಲು ಅಂದಾಜಿನದು. ಲೆಕ್ಕ ಬರೆದಿಡಿ ಎಂಬ ಸಲಹೆ ಹೊಸದಲ್ಲ. ಅದು ಪಾಲನೆಯಾಗದಿರುವುದಕ್ಕೆ ಸೋಮಾರಿತನವೂ ಕಾರಣವಲ್ಲ. ಹಾಲಿನ ಲೆಕ್ಕ ಒಂದನ್ನೇ ತೆಗೆದುಕೊಂಡರೂ ಬೆಳಿಗ್ಗೆ ಸಂಜೆ ಸೇರಿ ವರ್ಷಕ್ಕೆ 730 ಸಾಲುಗಳಾಗುತ್ತವೆ. ಹಗಲೆಲ್ಲ ಗದ್ದೆಯಲ್ಲಿ ದುಡಿದವರು ರಾತ್ರಿ ಕುಳಿತು ಅಷ್ಟನ್ನೂ ಮತ್ತೆ ಬರೆದು, ಕೂಡಿ, ಕಳೆಯುವುದು ಕಷ್ಟ.

ಇಂಥ ಬರವಣಿಗೆಯ ಕೆಲಸವನ್ನು ಕಂಪ್ಯೂಟರಿಗೆ ಮಾತಿನಲ್ಲಿ ಹೇಳಿ ಮಾಡಿಸುವ ಸಾಧನಗಳು ಈಚೆಗೆ ಬಳಕೆಗೆ ಬಂದಿವೆ. ಇವುಗಳಿಗೆ ಕೃತಕ ಬುದ್ಧಿಮತ್ತೆಯ ಏಜೆಂಟ್ ಎಂದು ಹೆಸರು. ಪ್ರೋಗ್ರಾಮ್ ಬರೆಯಲು ಬಾರದವರೂ ಇವನ್ನು ಉಪಯೋಗಿಸಬಹುದು. ಇವು ಕೆಲಸ ಮಾಡುವ ರೀತಿ, ಬೇಸಾಯಗಾರನಿಗೆ ಇವುಗಳಿಂದ ಆಗುವ ಅನುಕೂಲ, ಇವು ತಪ್ಪುವ ಜಾಗಗಳು ಮತ್ತು ಆ ತಪ್ಪನ್ನು ಹಿಡಿಯುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಉತ್ತರ ಕೊಡುವುದು ಬೇರೆ, ಕೆಲಸ ಮಾಡುವುದು ಬೇರೆ

ಏಜೆಂಟ್ ಎಂದೊಡನೆ ಹಳ್ಳಿಯಲ್ಲಿ ನೆನಪಾಗುವುದು ವಿಮೆಯ ಏಜೆಂಟ್ ಅಥವಾ ಮಂಡಿಯ ದಲ್ಲಾಳಿ. ಇಲ್ಲಿ ಹೇಳುತ್ತಿರುವ ಏಜೆಂಟನ್ನು ಮನೆಯ ಕೆಲಸಕ್ಕೆ ಬರುವ ಆಳಿಗೆ ಹೋಲಿಸುವುದೇ ಸರಿ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಪ್ರಶ್ನೆ ಕೇಳಿ ಉತ್ತರ ಪಡೆಯುವ ಸಾಧನಗಳು ಎಲ್ಲರ ಮೊಬೈಲಿಗೂ ಬಂದವು. ನಮ್ಮ ದೇಶದಲ್ಲಿಯೂ ಕೇಂದ್ರ ಕೃಷಿ ಇಲಾಖೆ 2023ರ ಸೆಪ್ಟೆಂಬರಿನಲ್ಲಿ ‘ಕಿಸಾನ್ ಇ-ಮಿತ್ರ’ವನ್ನು ಆರಂಭಿಸಿತು. ಪಿ.ಎಂ. ಕಿಸಾನ್ ಹಣದ ಕಂತಿನ ಬಗ್ಗೆ ಭಾರತದ ಹಲವು ಭಾಷೆಗಳಲ್ಲಿ ಕೇಳಿದರೆ ಅದು ಉತ್ತರಿಸುತ್ತದೆ. ಇಂಥವು ಊರಿನ ತಿಳಿದವರೊಬ್ಬರ ಹಾಗೆ. ಕೇಳಿದ್ದಕ್ಕೆ ಹೇಳುತ್ತಾರೆ, ಆದರೆ ನಮ್ಮ ಗದ್ದೆಗೆ ಇಳಿಯುವುದಿಲ್ಲ.

ಏಜೆಂಟ್ ಗದ್ದೆಗೆ ಇಳಿಯುತ್ತದೆ. ಕಂಪ್ಯೂಟರಿನಲ್ಲಿರುವ ಕಡತಗಳನ್ನು ತೆರೆದು ಓದುವುದು, ಹೊಸ ಪಟ್ಟಿ ಬರೆಯುವುದು, ಹೆಸರು ಬದಲಿಸುವುದು, ಜಾಗ ಬದಲಿಸುವುದು, ಅಳಿಸುವುದು, ಈ ಎಲ್ಲವನ್ನೂ ಅದು ಮಾಡಬಲ್ಲದು. “ಈ ಚೀಟಿಗಳನ್ನೆಲ್ಲ ಓದಿ ತಿಂಗಳುವಾರು ಪಟ್ಟಿ ಮಾಡು” ಎಂದರೆ, ಪಟ್ಟಿ ಮಾಡುವುದು ಹೇಗೆಂದು ವಿವರಿಸಿ ಸುಮ್ಮನಾಗುವುದಿಲ್ಲ. ಪಟ್ಟಿಯನ್ನೇ ಮಾಡಿ ಮುಂದಿಡುತ್ತದೆ. ಲಾಭವೂ ಇದರಲ್ಲಿದೆ, ಅಪಾಯವೂ ಇದರಲ್ಲಿಯೇ ಇದೆ.

ಪ್ರೋಗ್ರಾಮ್ ಬಲ್ಲವರಿಂದ ಎಲ್ಲರ ಕೈಗೆ

ಮೊದಮೊದಲು ಈ ಏಜೆಂಟುಗಳನ್ನು ಬಳಸುತ್ತಿದ್ದವರು ಪ್ರೋಗ್ರಾಮ್ ಬರೆಯುವವರು. ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಆಜ್ಞೆಗಳನ್ನು ಟೈಪ್ ಮಾಡಿ ಇವುಗಳಿಂದ ಕೆಲಸ ಪಡೆಯಬೇಕಾಗಿತ್ತು. ಅಮೆರಿಕದ ಆಂಥ್ರೊಪಿಕ್ ಸಂಸ್ಥೆ 2025ರ ಫೆಬ್ರವರಿಯಲ್ಲಿ ಹೊರತಂದ ‘ಕ್ಲಾಡ್ ಕೋಡ್’ ಇಂಥದೊಂದು. ಅದನ್ನು ಮಾಡಿದ್ದು ಪ್ರೋಗ್ರಾಮಿನ ಕೆಲಸಕ್ಕೆ. ಆದರೆ ಬಳಸುವವರು ಕಡತಗಳನ್ನು ಜೋಡಿಸುವುದಕ್ಕೆ, ಪಟ್ಟಿ ಮಾಡುವುದಕ್ಕೆ, ಇತರ ಬರಹದ ಕೆಲಸಗಳಿಗೆ ಕೂಡ ಅದನ್ನು ಹಚ್ಚತೊಡಗಿದರು.

ಇದನ್ನು ಕಂಡು ಅದೇ ಸಂಸ್ಥೆ 2026ರ ಜನವರಿಯಲ್ಲಿ ‘ಕೋವರ್ಕ್’ ಎಂಬ ರೂಪವನ್ನು ತನ್ನ ಕಂಪ್ಯೂಟರ್ ಆ್ಯಪ್‌ನಲ್ಲಿ ಸೇರಿಸಿತು. ಇಲ್ಲಿ ಕಪ್ಪು ಪರದೆ ಇಲ್ಲ, ಆಜ್ಞೆಗಳನ್ನು ಕಲಿಯುವ ಅಗತ್ಯವೂ ಇಲ್ಲ. ಒಂದು ಫೋಲ್ಡರನ್ನು ತೋರಿಸಿ, ಆಗಬೇಕಾದ ಕೆಲಸವನ್ನು ಆಡುಮಾತಿನಲ್ಲಿ ಬರೆದರೆ ಸಾಕು. ಸಂಸ್ಥೆ ಕೊಟ್ಟ ಉದಾಹರಣೆಗಳಲ್ಲಿ ಒಂದು, ರಾಶಿ ಬಿದ್ದ ಚಿತ್ರಗಳಿಂದ ಖರ್ಚಿನ ಪಟ್ಟಿ ತಯಾರಿಸುವುದು. ಅಟ್ಟದ ಮೇಲಿನ ಚೀಲಕ್ಕೂ ಈ ಉದಾಹರಣೆಗೂ ದೂರವಿಲ್ಲ. ಬೇರೆ ಸಂಸ್ಥೆಗಳೂ ಇದೇ ದಾರಿಯಲ್ಲಿವೆ. ಓಪನ್‌ಎಐ ಸಂಸ್ಥೆ 2025ರ ಜುಲೈನಲ್ಲಿ ಚಾಟ್‌ಜಿಪಿಟಿಗೆ ಏಜೆಂಟ್ ಸೌಲಭ್ಯವನ್ನು ಕೂಡಿಸಿತು. ಯಾವ ಕಂಪನಿಯದನ್ನು ಬಳಸಿದರೂ ಮುಂದೆ ಹೇಳುವ ಮಾತುಗಳು ಅನ್ವಯಿಸುತ್ತವೆ.

ಕೆಲಸ ನಡೆಯುವ ಕ್ರಮ

ಏಜೆಂಟಿನ ಕೆಲಸ ನಾಲ್ಕು ಹಂತದಲ್ಲಿ ಸಾಗುತ್ತದೆ. ಮೊದಲನೆಯದಾಗಿ, ಹೇಳಿದ ಮಾತನ್ನು ಓದಿ ಕೆಲಸವನ್ನು ಸಣ್ಣ ಸಣ್ಣ ಭಾಗಗಳಾಗಿ ವಿಂಗಡಿಸಿಕೊಳ್ಳುತ್ತದೆ. ಎರಡನೆಯದಾಗಿ, ಒಂದು ಭಾಗವನ್ನು ಮಾಡುತ್ತದೆ. ಮೂರನೆಯದಾಗಿ, ಮಾಡಿದ್ದರ ಫಲವನ್ನು ತಾನೇ ನೋಡುತ್ತದೆ. ನಾಲ್ಕನೆಯದಾಗಿ, ಸರಿಬಾರದಿದ್ದರೆ ತಿದ್ದಿ ಮುಂದಿನ ಭಾಗಕ್ಕೆ ಹೋಗುತ್ತದೆ. ಕೆಲಸ ಮುಗಿಯುವವರೆಗೂ ಈ ಸುತ್ತು ನಡೆಯುತ್ತಲೇ ಇರುತ್ತದೆ. ಮಡಿಗೆ ನೀರು ಬಿಟ್ಟವನು ಕೊನೆಯ ಸಾಲಿಗೆ ನೀರು ಮುಟ್ಟಿತೇ ಎಂದು ಹೋಗಿ ನೋಡಿ, ಮುಟ್ಟದಿದ್ದರೆ ಬಾಯಿ ಕಟ್ಟಿ ತಿರುಗಿಸುವಂತೆ.

ಇದರ ಬುದ್ಧಿ ನಮ್ಮ ಕಂಪ್ಯೂಟರಿನೊಳಗೆ ಇರುವುದಿಲ್ಲ. ಅಂತರಜಾಲದ ಮೂಲಕ ದೂರದ ದೊಡ್ಡ ಯಂತ್ರಗಳಿಗೆ ನಮ್ಮ ಕಾಗದಗಳು ಹೋಗಿ, ಅಲ್ಲಿಂದ ಉತ್ತರ ಬರುತ್ತದೆ. ಆದ್ದರಿಂದ ನೆಟ್‌ವರ್ಕ್ ಇಲ್ಲದ ಕಡೆ ಕೆಲಸ ನಿಲ್ಲುತ್ತದೆ. ನಮ್ಮ ಕಾಗದ ಹೊರಗೆ ಹೋಗುತ್ತದೆ ಎಂಬುದನ್ನೂ ಮರೆಯಬಾರದು.

ಯಾವ ಕೆಲಸಕ್ಕೆ ಹೊಂದುವುದು

ಬರಹ ಬಹಳವಿದ್ದು, ನಿಯಮ ಒಂದೇ ಇದ್ದು, ಫಲವನ್ನು ಕೊನೆಗೆ ತಾಳೆ ನೋಡಲು ಸಾಧ್ಯವಿರುವ ಕೆಲಸಕ್ಕೆ ಏಜೆಂಟ್ ಹೊಂದುತ್ತದೆ. ಬೇಸಾಯದಲ್ಲಿ ಅಂಥ ಕೆಲಸಗಳು ಈ ಮುಂದಿನವು.

ಹಾಲಿನ ಪುಸ್ತಕದಿಂದ ದಿನದ ಲೀಟರು, ಫ್ಯಾಟ್, ದರ, ಮೊತ್ತಗಳನ್ನು ತೆಗೆದು ತಿಂಗಳುವಾರು ಕೂಡುವುದು. ಹಿಂಡಿ, ಬೂಸಾದ ಖರ್ಚನ್ನು ಪಕ್ಕದಲ್ಲಿ ಇಡುವುದು. ಗೊಬ್ಬರ, ಬೀಜ, ಉಳುಮೆ, ಕಳೆ, ಕಟಾವಿನ ಖರ್ಚುಗಳನ್ನು ಬೆಳೆವಾರು ವಿಂಗಡಿಸುವುದು. ಸಾಲದ ಕಂತು ಮತ್ತು ಬಡ್ಡಿಯ ದಿನಾಂಕಗಳ ಪಟ್ಟಿ ಮಾಡುವುದು.

ಕಬ್ಬಿನ ಬಾಕಿಯ ಲೆಕ್ಕವೂ ಇಂಥದೇ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆ ಕಬ್ಬು ಪಡೆದ 14 ದಿನದೊಳಗೆ ಹಣ ಕೊಡಬೇಕು. ತಡವಾದರೆ ತಡವಾದ ಅವಧಿಗೆ ವರ್ಷಕ್ಕೆ ಶೇಕಡ 15ರಂತೆ ಬಡ್ಡಿ ಸೇರಬೇಕು. 2025-26ರ ಹಂಗಾಮಿಗೆ ಶೇಕಡ 10.25ರ ಸಕ್ಕರೆ ಇಳುವರಿಗೆ ಕ್ವಿಂಟಾಲಿಗೆ 355 ರೂಪಾಯಿಯಂತೆ ಕೇಂದ್ರ ಸರ್ಕಾರ ಕಬ್ಬಿನ ಬೆಲೆ ನಿಗದಿ ಮಾಡಿದೆ. ಈ ನಿಯಮಗಳನ್ನು ಬಲ್ಲ ರೈತರು ಅನೇಕರಿದ್ದಾರೆ. ಆದರೆ ಯಾವ ಚೀಟಿಯ ಕಬ್ಬಿಗೆ ಯಾವ ದಿನ ಎಷ್ಟು ಹಣ ಬಂತು ಎಂದು ಜೋಡಿಸಿ ನೋಡುವವರು ವಿರಳ.

ಒಂದು ಊಹೆಯ ಲೆಕ್ಕ ನೋಡೋಣ. ಕಟಾವು ಮತ್ತು ಸಾಗಣೆಯ ಖರ್ಚು ಕಳೆದು ಒಬ್ಬ ರೈತನಿಗೆ 1,20,000 ರೂಪಾಯಿ ಬರಬೇಕಿದ್ದು, ಅದು 59ನೆಯ ದಿನ ಕೈಸೇರಿತು ಎನ್ನೋಣ. 14 ದಿನ ಕಳೆದರೆ ತಡವಾದದ್ದು 45 ದಿನ. ಶೇಕಡ 15ರಂತೆ ಬಡ್ಡಿ ಸುಮಾರು 2,219 ರೂಪಾಯಿ. ಇದನ್ನು ಕೇಳಬೇಕಾದರೆ ತೂಕದ ಚೀಟಿಯ ದಿನಾಂಕ ಮತ್ತು ಬ್ಯಾಂಕಿಗೆ ಹಣ ಬಂದ ದಿನಾಂಕ ಎರಡೂ ಒಂದು ಹಾಳೆಯ ಮೇಲೆ ಎದುರುಬದುರು ಬರಬೇಕು. ಈ ಜೋಡಣೆಯ ಕೆಲಸವನ್ನು ಏಜೆಂಟ್ ಕೆಲವು ನಿಮಿಷಗಳಲ್ಲಿ ಮಾಡಿಕೊಡುತ್ತದೆ. ಊರಿನ ಇಪ್ಪತ್ತು ಮಂದಿ ರೈತರ ಚೀಟಿಗಳು ಒಂದೆಡೆ ಸೇರಿದರೆ, ಮನವಿಯ ಜೊತೆಗೆ ಇಡಲು ಒಂದು ಗಟ್ಟಿ ಲೆಕ್ಕ ಸಿಗುತ್ತದೆ.

ತಪ್ಪು ಹುಟ್ಟುವ ಜಾಗ

ಏಜೆಂಟ್ ಕೂಡುವುದರಲ್ಲಿ ತಪ್ಪುವುದು ಅಪರೂಪ. ಓದುವುದರಲ್ಲಿ ಮತ್ತು ಅರ್ಥ ಮಾಡಿಕೊಳ್ಳುವುದರಲ್ಲಿ ತಪ್ಪುತ್ತದೆ. ತಪ್ಪಿದಾಗಲೂ ಅಳುಕಿಲ್ಲದೆ, ಅಂದವಾದ ಪಟ್ಟಿಯನ್ನೇ ಕೊಡುತ್ತದೆ. ಆದ್ದರಿಂದ ಪಟ್ಟಿಯ ಅಂದವನ್ನು ನೋಡಿ ನಂಬಬಾರದು. ನಮ್ಮ ಕಡೆಯ ಕಾಗದಗಳಲ್ಲಿ ಮುಖ್ಯವಾಗಿ ನಾಲ್ಕು ಜಾಗದಲ್ಲಿ ಎಡವುವ ಸಂಭವವಿದೆ.

1. ಎಕರೆ ಮತ್ತು ಗುಂಟೆ: ಪಹಣಿಯಲ್ಲಿ ವಿಸ್ತೀರ್ಣವನ್ನು ಎಕರೆ, ಚುಕ್ಕೆ, ಗುಂಟೆ ಎಂಬ ಕ್ರಮದಲ್ಲಿ ಬರೆದಿರುತ್ತದೆ. 1.20 ಎಂದರೆ 1 ಎಕರೆ 20 ಗುಂಟೆ. 40 ಗುಂಟೆಗೆ ಒಂದು ಎಕರೆಯಾದ್ದರಿಂದ ಇದು ಒಂದೂವರೆ ಎಕರೆ. ಹಳ್ಳಿಯ ಶಾಲೆಯ ಮಕ್ಕಳಿಗೂ ಇದು ಗೊತ್ತು. ಆದರೆ ಲೋಕದ ಬೇರೆ ಕಡೆಯ ಲೆಕ್ಕಗಳನ್ನು ಓದಿ ಕಲಿತ ಯಂತ್ರ ಅದನ್ನು ದಶಮಾಂಶ ಎಂದು ತಿಳಿದು 1.2 ಎಕರೆ ಮಾಡಬಹುದು. ಆಗ 12 ಗುಂಟೆ ನೆಲ ಕಾಗದದಲ್ಲಿ ಮಾಯವಾಗುತ್ತದೆ.

ಇದರ ಪರಿಣಾಮವನ್ನು ನೋಡಿ. ಈ ಒಂದೂವರೆ ಎಕರೆಯಲ್ಲಿ ತನಿ ಕಬ್ಬು 60 ಟನ್, ಮೊದಲ ಕೂಳೆ 51 ಟನ್, ಎರಡನೆಯ ಕೂಳೆ 39 ಟನ್ ಬಂದಿತು ಎಂದು ಇಟ್ಟುಕೊಳ್ಳೋಣ.

ತನಿ ಬೆಳೆ: ಸರಿಯಾದ ಲೆಕ್ಕದಲ್ಲಿ ಎಕರೆಗೆ 40 ಟನ್, ತಪ್ಪು ಲೆಕ್ಕದಲ್ಲಿ 50 ಟನ್.
ಮೊದಲ ಕೂಳೆ: ಸರಿಯಾದ ಲೆಕ್ಕದಲ್ಲಿ 34 ಟನ್, ತಪ್ಪು ಲೆಕ್ಕದಲ್ಲಿ 42.5 ಟನ್.
ಎರಡನೆಯ ಕೂಳೆ: ಸರಿಯಾದ ಲೆಕ್ಕದಲ್ಲಿ 26 ಟನ್, ತಪ್ಪು ಲೆಕ್ಕದಲ್ಲಿ 32.5 ಟನ್.

ತಪ್ಪು ಪಟ್ಟಿಯನ್ನು ನಂಬಿದ ರೈತ, ಎರಡನೆಯ ಕೂಳೆಯೂ ಎಕರೆಗೆ 32 ಟನ್ನಿಗೆ ಮೇಲೆ ಕೊಟ್ಟಿದೆ, ಇನ್ನೊಂದು ವರ್ಷ ಬಿಡೋಣ ಎಂದುಕೊಳ್ಳುತ್ತಾನೆ. ಸರಿಯಾದ ಪಟ್ಟಿಯಲ್ಲಿ ಅದು 26 ಟನ್ನಿಗೆ ಇಳಿದಿದೆ. ಕೂಳೆ ಕಿತ್ತು ಬೆಳೆ ಬದಲಿಸುವ ಯೋಚನೆ ಮಾಡಬೇಕಾದ ಹೊತ್ತು. ಒಂದು ಚುಕ್ಕೆಯನ್ನು ತಪ್ಪಾಗಿ ಓದಿದ್ದರಿಂದ ಇಡೀ ಒಂದು ವರ್ಷದ ಬೆಳೆ ಹಿಂದೆ ಬೀಳುತ್ತದೆ.

2. ಹೆಕ್ಟೇರು ಮತ್ತು ಎಕರೆ: ಮಣ್ಣು ಆರೋಗ್ಯ ಚೀಟಿಯಲ್ಲಿ ಮತ್ತು ಶಿಫಾರಸುಗಳಲ್ಲಿ ಪೋಷಕಾಂಶಗಳನ್ನು ಹೆಕ್ಟೇರಿಗೆ ಇಷ್ಟು ಕಿಲೋ ಎಂದು ಕೊಟ್ಟಿರುತ್ತದೆ. ರೈತನ ಮಾತು ಎಕರೆಯದು. ಒಂದು ಹೆಕ್ಟೇರಿಗೆ 2.47 ಎಕರೆ. ತನಿ ಕಬ್ಬಿಗೆ ಹೆಕ್ಟೇರಿಗೆ 250 ಕಿಲೋ ಸಾರಜನಕ, 100 ಕಿಲೋ ರಂಜಕ, 125 ಕಿಲೋ ಪೊಟ್ಯಾಷ್ ಎಂಬ ಶಿಫಾರಸನ್ನು ತೆಗೆದುಕೊಳ್ಳೋಣ. ಎಕರೆಗೆ ಇದು ಸುಮಾರು 100, 40 ಮತ್ತು 50 ಕಿಲೋ ಆಗುತ್ತದೆ. ಒಂದೂವರೆ ಎಕರೆಗೆ ಡಿ.ಎ.ಪಿ. 130 ಕಿಲೋ, ಯೂರಿಯಾ 275 ಕಿಲೋ, ಮ್ಯೂರಿಯೇಟ್ ಆಫ್ ಪೊಟ್ಯಾಷ್ 125 ಕಿಲೋ ಸಾಕು. ಹೆಕ್ಟೇರಿನ ಅಂಕಿಯನ್ನೇ ಎಕರೆಯದೆಂದು ತಿಳಿದರೆ ಯೂರಿಯಾ ಒಂದೇ ಸುಮಾರು 688 ಕಿಲೋ ಆಗುತ್ತದೆ. 45 ಕಿಲೋ ಚೀಲದ ಲೆಕ್ಕದಲ್ಲಿ 6 ಚೀಲದ ಜಾಗದಲ್ಲಿ 15 ಚೀಲ. ದುಡ್ಡು ದಂಡವಾಗುವುದರ ಜೊತೆಗೆ ಕಬ್ಬು ಬಿರುಸಾಗಿ ಬೆಳೆದು ಬೀಳುತ್ತದೆ, ರೋಗ ಕೀಟಗಳಿಗೆ ಸುಲಭದ ತುತ್ತಾಗುತ್ತದೆ, ರಸದಲ್ಲಿ ಸಕ್ಕರೆ ಕಡಿಮೆಯಾಗುತ್ತದೆ. ಆಲೆಮನೆಗೆ ಕೊಟ್ಟರೆ ಬೆಲ್ಲ ಗಟ್ಟಿ ಕೂರುವುದಿಲ್ಲ, ಬಣ್ಣವೂ ಬರುವುದಿಲ್ಲ.

3. ಕೈಬರಹ ಮತ್ತು ಮಾಸಿದ ಅಚ್ಚು: ಹಳೆಯ ಪುಸ್ತಕಗಳಲ್ಲಿ ಕನ್ನಡ ಅಂಕಿಗಳಿದ್ದರೆ ೬ ಮತ್ತು ೯ ಒಂದರಂತೆ ಒಂದು ಕಾಣುತ್ತವೆ. ತೂಕದ ಚೀಟಿಯ ಶಾಯಿ ಬಿಸಿಲಿಗೆ, ಬೆವರಿಗೆ ಬೇಗ ಮಾಸುತ್ತದೆ. ಚಿತ್ರ ತೆಗೆಯುವಾಗ ನೆರಳು ಬಿದ್ದರೆ ಚುಕ್ಕೆ ಕಾಣದೆ 12.5 ಟನ್ 125 ಆಗಬಹುದು. ಚೀಟಿ ಬಂದ ದಿನವೇ ಬೆಳಕಿನಲ್ಲಿ ನೇರವಾಗಿ ಚಿತ್ರ ತೆಗೆದಿಡುವುದು ಒಳ್ಳೆಯದು.

4. ಇಲ್ಲದ್ದನ್ನು ತುಂಬುವುದು: ಒಂದು ಚೀಟಿಯಲ್ಲಿ ದಿನಾಂಕ ಕಾಣದಿದ್ದರೆ ಒಳ್ಳೆಯ ಗುಮಾಸ್ತ ಆ ಜಾಗವನ್ನು ಖಾಲಿ ಬಿಟ್ಟು ಕೇಳುತ್ತಾನೆ. ಏಜೆಂಟ್ ಕೆಲವೊಮ್ಮೆ ಹಿಂದೆ ಮುಂದೆ ನೋಡಿ, ಹೊಂದುವ ದಿನಾಂಕವೊಂದನ್ನು ತಾನೇ ಬರೆದುಬಿಡುತ್ತದೆ. ಬಾಕಿ ಕೇಳಲು ಹೋದಾಗ ಇಂಥ ಒಂದು ದಿನಾಂಕ ಸುಳ್ಳೆಂದು ತಿಳಿದರೂ ಉಳಿದ ಸರಿಯಾದ ಲೆಕ್ಕದ ಬೆಲೆಯೂ ಹೋಗುತ್ತದೆ.

ಅಪ್ಪಣೆ ಕೊಡುವ ಬಗೆ

ಹೊಸದಾಗಿ ಬಂದ ಆಳಿಗೆ “ಗದ್ದೆ ಕೆಲಸ ನೋಡಿಕೊ” ಎಂದಷ್ಟೇ ಹೇಳಿ ಯಾರೂ ಊರಿಗೆ ಹೋಗುವುದಿಲ್ಲ. ಯಾವ ಮಡಿ, ಎಷ್ಟು ನೀರು, ಎಲ್ಲಿ ನಿಲ್ಲಿಸಬೇಕು ಎಂದು ಹೇಳುತ್ತಾರೆ. ಏಜೆಂಟಿಗೂ ಹಾಗೆಯೇ ಬಿಡಿಸಿ ಹೇಳಬೇಕು. ಕನ್ನಡದಲ್ಲಿಯೇ ಬರೆಯಬಹುದು. ಮಾದರಿಗಾಗಿ ಒಂದು ಅಪ್ಪಣೆಯನ್ನು ಕೆಳಗೆ ಕೊಟ್ಟಿದೆ.

“ಈ ಫೋಲ್ಡರಿನಲ್ಲಿ 48 ಚಿತ್ರಗಳಿವೆ. ಇವು ಕಬ್ಬಿನ ತೂಕದ ಚೀಟಿಗಳು ಮತ್ತು ಗೊಬ್ಬರದ ರಸೀದಿಗಳು. ಪ್ರತಿ ಚಿತ್ರಕ್ಕೆ ಒಂದು ಸಾಲಿನಂತೆ ದಿನಾಂಕ, ವಿವರ, ತೂಕ, ಮೊತ್ತ ಬರೆ. ಪಕ್ಕದಲ್ಲಿ ಚಿತ್ರದ ಹೆಸರು ಬರೆ. ಪಹಣಿಯಲ್ಲಿ 1.20 ಎಂದರೆ 1 ಎಕರೆ 20 ಗುಂಟೆ. 40 ಗುಂಟೆಗೆ 1 ಎಕರೆ. ಓದಲಾಗದ ಅಂಕಿಯನ್ನು ಊಹಿಸಬೇಡ. ಅಲ್ಲಿ ‘ಓದಲಾಗಲಿಲ್ಲ’ ಎಂದು ಬರೆ. ಯಾವ ಚಿತ್ರವನ್ನೂ ಅಳಿಸಬೇಡ, ಹೆಸರು ಬದಲಿಸಬೇಡ. ಕೆಲಸ ಆರಂಭಿಸುವ ಮೊದಲು ಹೇಗೆ ಮಾಡುತ್ತೀಯೆಂದು ಹೇಳು.”

ಈ ಅಪ್ಪಣೆಯಲ್ಲಿ ಐದು ಅಂಶಗಳಿವೆ: ಸಾಮಾನು ಎಷ್ಟು, ಬೇಕಾದ ಫಲ ಯಾವುದು, ಅಳತೆ ಯಾವುದು, ತಿಳಿಯದಿದ್ದಾಗ ಏನು ಮಾಡಬೇಕು, ಏನು ಮಾಡಬಾರದು. ಇದರಲ್ಲಿ ಪ್ರೋಗ್ರಾಮಿನ ವಿದ್ಯೆ ಏನೂ ಇಲ್ಲ. ಬೇಸಾಯ ಬಲ್ಲವರೇ ಇದನ್ನು ಚೆನ್ನಾಗಿ ಹೇಳಬಲ್ಲರು. ಗುಂಟೆಯ ಮಾತನ್ನು ಪ್ರೋಗ್ರಾಮ್ ಬರೆಯುವವರು ಮರೆಯಬಹುದು, ರೈತ ಮರೆಯುವುದಿಲ್ಲ.

ಕೆಲಸವನ್ನು ತಾಳೆ ನೋಡುವುದು

ಆಳು ಮಾಡಿದ್ದು ಹಾಳು ಎಂಬ ಗಾದೆ ಆಳನ್ನು ಹಳಿಯಲು ಹುಟ್ಟಿದ್ದಲ್ಲ; ಒಡೆಯ ಹೋಗಿ ನೋಡದ ಕೆಲಸ ಕೆಡುತ್ತದೆ ಎಂದು ಹೇಳಲು ಹುಟ್ಟಿದ್ದು. ಏಜೆಂಟ್ ಕೊಟ್ಟ ಪಟ್ಟಿಯನ್ನು ಈ ಕ್ರಮದಲ್ಲಿ ನೋಡಬೇಕು.

ಮೊದಲು ಎಣಿಕೆ. 48 ಚೀಟಿ ಕೊಟ್ಟಿದ್ದರೆ 48 ಸಾಲು ಬಂದಿರಬೇಕು. ಕಡಿಮೆಯಾಗಿದ್ದರೆ ಯಾವುದೋ ಬಿಟ್ಟುಹೋಗಿದೆ. ಹೆಚ್ಚಾಗಿದ್ದರೆ ಯಾವುದೋ ಎರಡು ಸಲ ಬಂದಿದೆ.

ಎರಡನೆಯದು ಮೊತ್ತ. ಕಾರ್ಖಾನೆ ಅಥವಾ ಡೇರಿ ಕೊಟ್ಟ ಒಟ್ಟು ಲೆಕ್ಕಕ್ಕೆ ಪಟ್ಟಿಯ ಮೊತ್ತ ತಾಳೆಯಾಗಬೇಕು.

ಮೂರನೆಯದು ಮಾದರಿ. ಮಣ್ಣು ಪರೀಕ್ಷೆಗೆ ಜಮೀನಿನಲ್ಲಿ ಅಂಕುಡೊಂಕಾಗಿ ನಡೆದು ಅಲ್ಲಲ್ಲಿ ಮಣ್ಣು ತೆಗೆಯುವಂತೆ, ಮೊದಲು, ನಡುವೆ, ಕೊನೆಯಿಂದ ಹತ್ತು ಚೀಟಿ ತೆಗೆದು ಕಾಗದವನ್ನೇ ಪಟ್ಟಿಯ ಪಕ್ಕ ಹಿಡಿದು ನೋಡಬೇಕು. ಒಂದು ತಪ್ಪು ಸಿಕ್ಕರೂ ಎಲ್ಲವನ್ನೂ ನೋಡಬೇಕು.

ನಾಲ್ಕನೆಯದು ಅನುಭವದ ಅಳತೆ. ಸಾಧಾರಣ ಬೆಳೆ ಬಂದ ವರ್ಷ ಪಟ್ಟಿ ಭಾರಿ ಇಳುವರಿ ತೋರಿಸಿದರೆ ಸಂತೋಷಪಡುವ ಮೊದಲು ಗುಂಟೆಯ ಲೆಕ್ಕ ನೋಡಬೇಕು. ಈ ನಾಲ್ಕನೆಯ ಅಳತೆ ಯಾವ ಯಂತ್ರದಲ್ಲಿಯೂ ಇಲ್ಲ.

ಎಚ್ಚರಿಕೆಗಳು

ಏಜೆಂಟಿಗೆ ಇಡೀ ಕಂಪ್ಯೂಟರನ್ನು ತೆರೆದಿಡಬಾರದು. ಪ್ರತ್ಯೇಕ ಫೋಲ್ಡರ್ ಮಾಡಿ, ಚಿತ್ರಗಳ ಪ್ರತಿಯನ್ನು ಮಾತ್ರ ಅದರಲ್ಲಿಡಬೇಕು. ಮೂಲ ಚಿತ್ರಗಳು ಬೇರೆ ಕಡೆ, ಮೂಲ ಕಾಗದ ಚೀಲದಲ್ಲಿಯೇ ಇರಲಿ. ಅಪ್ಪಣೆ ಸ್ಪಷ್ಟವಿಲ್ಲದಿದ್ದರೆ ಏಜೆಂಟ್ ಕಡತಗಳನ್ನು ಅಳಿಸುವ ಅಪಾಯವಿದೆ ಎಂದು ತಯಾರಿಸಿದ ಸಂಸ್ಥೆಯೇ ಎಚ್ಚರಿಸಿದೆ.

ಆಧಾರ್ ಚೀಟಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಎ.ಟಿ.ಎಂ. ಕಾರ್ಡು ಇವುಗಳ ಚಿತ್ರ ಆ ಫೋಲ್ಡರಿನಲ್ಲಿ ಇರಕೂಡದು. ಕಬ್ಬಿನ ಲೆಕ್ಕಕ್ಕೆ ಇವು ಬೇಕಾಗಿಯೂ ಇಲ್ಲ. ಹಣ ಬಂದ ದಿನಾಂಕ ಮತ್ತು ಮೊತ್ತವನ್ನು ಒಂದು ಹಾಳೆಯಲ್ಲಿ ಬರೆದು ಅದರ ಚಿತ್ರ ಇಟ್ಟರೆ ಸಾಕು. ಒ.ಟಿ.ಪಿ. ಕೊಡುವುದು, ಹಣ ಕಳಿಸುವುದು, ಅರ್ಜಿ ಸಲ್ಲಿಸುವುದು, ಇವನ್ನು ಏಜೆಂಟಿಗೆ ಬಿಡಬಾರದು. ಅರ್ಜಿಯ ಕರಡು ಬರೆಸಬಹುದು. ಓದಿ ಸಲ್ಲಿಸುವುದು ರೈತನ ಕೈಯಿಂದಲೇ ಆಗಬೇಕು.

ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ಏಜೆಂಟ್ ತಾನು ಓದುವ ಕಡತದಲ್ಲಿ ಅಥವಾ ಜಾಲತಾಣದಲ್ಲಿ ಯಾರಾದರೂ ಅಪ್ಪಣೆಯೊಂದನ್ನು ಅಡಗಿಸಿ ಬರೆದಿದ್ದರೆ, ಅದನ್ನು ಯಜಮಾನನ ಅಪ್ಪಣೆ ಎಂದೇ ತಿಳಿದು ನಡೆದುಬಿಡಬಹುದು. ಸಂತೆಗೆ ಕಳಿಸಿದ ಆಳು ದಾರಿಯಲ್ಲಿ ಯಾರೋ “ನಿಮ್ಮ ಯಜಮಾನರು ಇಲ್ಲಿ ಇಳಿಸು ಅಂದ್ರು” ಎಂದದ್ದಕ್ಕೆ ಮೂಟೆ ಇಳಿಸಿ ಬಂದ ಹಾಗೆ. ತಯಾರಕರು ಇದಕ್ಕೆ ತಡೆಗಳನ್ನು ಹಾಕುತ್ತಿದ್ದರೂ ಅವು ಪೂರ್ತಿ ಭದ್ರವಲ್ಲ. ಆದ್ದರಿಂದ ಗೊತ್ತಿಲ್ಲದವರು ವಾಟ್ಸ್ಯಾಪ್‌ನಲ್ಲಿ ಕಳಿಸಿದ ಕಡತಗಳನ್ನು ಲೆಕ್ಕದ ಫೋಲ್ಡರಿಗೆ ಹಾಕಬಾರದು.

ಕಂಪ್ಯೂಟರ್ ಎಲ್ಲಿದೆ

ಈ ಸಾಧನವನ್ನು ಹೆಚ್ಚಾಗಿ ಬಳಸುವುದು ಮೇಜಿನ ಅಥವಾ ಮಡಿಲ ಕಂಪ್ಯೂಟರಿನಲ್ಲಿ. ಹಳ್ಳಿಯಲ್ಲಿ ಬಹಳ ಮನೆಗಳಲ್ಲಿ ಇರುವುದು ಮೊಬೈಲು ಮಾತ್ರ. ಒಳ್ಳೆಯ ಏಜೆಂಟುಗಳಿಗೆ ತಿಂಗಳ ಚಂದಾ ಕೂಡ ಇದೆ. ಒಂದೂವರೆ ಎಕರೆಯವರು ತಮ್ಮೊಬ್ಬರ ಲೆಕ್ಕಕ್ಕಾಗಿ ಇದನ್ನು ಕೊಳ್ಳುವುದು ಲಾಭದಾಯಕವಲ್ಲ. ಟ್ರ್ಯಾಕ್ಟರಿನಂತೆ ಇದನ್ನೂ ಹತ್ತು ಮಂದಿ ಸೇರಿ ಬಳಸುವುದೇ ಮೇಲು.

ಅದಕ್ಕೆ ದಾರಿಗಳಿವೆ. 2022ರಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಿಗೆ ಕಂಪ್ಯೂಟರ್ ಅಳವಡಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಡೇರಿಗಳಲ್ಲಿ, ರೈತ ಉತ್ಪಾದಕ ಸಂಸ್ಥೆಗಳ ಕಚೇರಿಗಳಲ್ಲಿ ಕಂಪ್ಯೂಟರ್ ಬಳಕೆ ಬಂದಿದೆ. ಕಾಲೇಜಿಗೆ ಹೋಗುವ ಮಗ ಅಥವಾ ಮಗಳ ಬಳಿ ಮಡಿಲ ಕಂಪ್ಯೂಟರ್ ಇರುವ ಮನೆಗಳೂ ಊರಿಗೆ ಕೆಲವು ಸಿಗುತ್ತವೆ. ರಜೆಯಲ್ಲಿ ಮಗಳು ಚೀಟಿಯ ಚಿತ್ರ ತೆಗೆಯುತ್ತ “ಅಪ್ಪ, ಇದು ಯಾವ ಗದ್ದೇದು?” ಎಂದು ಕೇಳಿದರೆ, ತಂದೆಗೆ ಗೊತ್ತಿದ್ದು ಮಗಳಿಗೆ ಗೊತ್ತಿಲ್ಲದ ಜಮೀನಿನ ವಿವರಗಳು ಆ ಹೊತ್ತಿನಲ್ಲಿಯೇ ದಾಖಲಾಗುತ್ತವೆ. ಇದೂ ಒಂದು ಲಾಭವೇ.

ಸಂಘದ ಕಂಪ್ಯೂಟರಿನಲ್ಲಿ ಬಳಸುವಾಗ ಒಬ್ಬರ ಚೀಟಿಗಳನ್ನು ಇನ್ನೊಬ್ಬರ ಚೀಟಿಗಳೊಡನೆ ಬೆರೆಸಬಾರದು. ಚೀಟಿಯ ಒಡೆಯರ ಒಪ್ಪಿಗೆ ಪಡೆದು, ಕೆಲಸ ಮುಗಿದ ಮೇಲೆ ಪಟ್ಟಿಯನ್ನು ಅವರಿಗೆ ಕೊಟ್ಟು, ಪ್ರತಿಗಳನ್ನು ಅಳಿಸಬೇಕು. ವಿಸ್ತರಣಾ ಕಾರ್ಯಕರ್ತರು ಒಂದು ಊರಿನಲ್ಲಿ ಒಂದು ಡೇರಿ ಅಥವಾ ಒಂದು ಸ್ತ್ರೀಶಕ್ತಿ ಸಂಘವನ್ನು ಆರಿಸಿಕೊಂಡು, ಒಂದೇ ಒಂದು ಲೆಕ್ಕದಿಂದ ಆರಂಭಿಸುವುದು ಸೂಕ್ತ. ಹಾಲಿನ ಲೆಕ್ಕ ಆರಂಭಕ್ಕೆ ಒಳ್ಳೆಯದು. ಮೊತ್ತ ತಾಳೆ ನೋಡುವುದು ಅದರಲ್ಲಿ ಸುಲಭ.

ತೀರ್ಮಾನ ರೈತನದೇ

ಏಜೆಂಟ್ ಸಲಹೆಯನ್ನೂ ಕೊಡುತ್ತದೆ. ಯಾವ ತಳಿ, ಎಷ್ಟು ಗೊಬ್ಬರ, ಯಾವ ಔಷಧಿ ಎಂದು ಕೇಳಿದರೆ ತಡವರಿಸದೆ ಹೇಳುತ್ತದೆ. ಈ ಮಾತನ್ನು ಮಾತ್ರ ಹಾಗೆಯೇ ನಡೆಸಬಾರದು. ಅದು ನಮ್ಮ ಗದ್ದೆಯ ಮಣ್ಣು ಮುಟ್ಟಿಲ್ಲ, ಎಲೆಯ ಅಡಿಭಾಗ ನೋಡಿಲ್ಲ. ಲೆಕ್ಕದ ತಪ್ಪನ್ನು ಮರುದಿನ ತಿದ್ದಬಹುದು. ಸಿಂಪಡಿಸಿದ ಔಷಧಿಯನ್ನು ವಾಪಸು ತೆಗೆಯಲಾಗದು. ಗೊಬ್ಬರ ಮತ್ತು ಔಷಧಿಯ ವಿಷಯದಲ್ಲಿ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು, ಮಂಡ್ಯದ ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ಕಿಸಾನ್ ಕಾಲ್ ಸೆಂಟರಿನ ಉಚಿತ ಸಂಖ್ಯೆ 1800-180-1551ನ್ನು ಕೇಳುವುದೇ ಸರಿ. ಹಾಗೆ ಕೇಳಲು ಹೋಗುವಾಗ ಏಜೆಂಟ್ ಮಾಡಿಕೊಟ್ಟ ಮೂರು ವರ್ಷದ ಇಳುವರಿ ಮತ್ತು ಗೊಬ್ಬರದ ಪಟ್ಟಿ ಕೈಯಲ್ಲಿದ್ದರೆ, ಸಲಹೆ ಕೊಡುವವರಿಗೂ ಅನುಕೂಲ.

ಕರ್ನಾಟಕದಲ್ಲಿ 2000ದ ಸುಮಾರಿಗೆ ‘ಭೂಮಿ’ ಯೋಜನೆಯಿಂದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಕೈಬರಹದ ಪಹಣಿಗಾಗಿ ಕಾಯುವುದು ತಪ್ಪಿತು. ಆದರೆ ಬಂದ ಪಹಣಿಯಲ್ಲಿ ಹೆಸರು, ವಿಸ್ತೀರ್ಣ ಸರಿಯಿದೆಯೇ ಎಂದು ಅಲ್ಲಿಯೇ ಓದಿ ನೋಡಿದವರ ತಪ್ಪು ಬೇಗ ತಿದ್ದುಪಡಿಯಾಯಿತು. ಮಡಿಸಿ ಜೇಬಿಗಿಟ್ಟವರು ಮುಂದೆ ಅಲೆಯಬೇಕಾಯಿತು. ಈ ಹೊಸ ಆಳಿನ ವಿಷಯದಲ್ಲಿಯೂ ಅನುಭವ ಬೇರೆಯಾಗಲಾರದು.

ಬರೆಯುವ, ಕೂಡುವ, ಜೋಡಿಸುವ ಕೆಲಸವನ್ನು ಏಜೆಂಟಿಗೆ ಒಪ್ಪಿಸಬಹುದು. ಅಳತೆ ಹೇಳುವುದು, ತಾಳೆ ನೋಡುವುದು, ಕೂಳೆ ಬಿಡಬೇಕೋ ಕೀಳಬೇಕೋ ಎಂದು ತೀರ್ಮಾನಿಸುವುದು ಬೇಸಾಯಗಾರನಲ್ಲಿಯೇ ಉಳಿಯಬೇಕು. ಈ ಹಂಗಾಮಿನ ಚೀಟಿಗಳನ್ನು ಇಂದಿನಿಂದಲೇ ಚಿತ್ರ ತೆಗೆದು ಇಟ್ಟುಕೊಂಡರೆ, ಬರುವ ನಾಟಿಯ ಹೊತ್ತಿಗೆ ಎಕರೆಗೆ ಎಷ್ಟು ಉಳಿಯಿತು ಎಂಬ ಪ್ರಶ್ನೆಗೆ ಅಂದಾಜಿನ ಬದಲು ಅಂಕಿಯಲ್ಲಿ ಉತ್ತರ ಸಿಗುವುದು.